ಉಂಡ ಮನೆಯ ಜಂತೆ

ಲೂಟನ್ನಿನ ಡನ್‌ಸ್ಟೇಬಲ್ ರಸ್ತೆ, ಮಂಗಳವಾರ ಸಂಜೆ.
ಒದ್ದೆ ಡಾಂಬರಿನ ಮೇಲೆ ಬಸ್ಸುಗಳ ಕೆಂಪು ದೀಪ ಉದ್ದುದ್ದ.
ಬಾಗಿಲ ಗಾಜಿಗೆ ಅಂಟಿಸಿದ ಹಸಿರು ಚೀಟಿ:
ಶುಚಿತ್ವಕ್ಕೆ ಐದಕ್ಕೆ ನಾಲ್ಕು.

ಮೊರೀನಳಿಗೆ ಇವತ್ತು ನಿವೃತ್ತಿ.
ಇಪ್ಪತ್ತಾರು ವರ್ಷ ಮುದುಕರ ಹಾಸಿಗೆ ಹಾಸಿದವಳು,
ಒಂದು ಹೊತ್ತಾದರೂ ಕೂತು ಉಣ್ಣಲಿ ಎಂದು ಕರೆತಂದಿದ್ದೆ.
"ನಿಮ್ಮ ಕಡೆಯ ಊಟ" ಎಂದಳು ಖುಷಿಯಲ್ಲಿ.
ರಾಣೆಬೆನ್ನೂರೆಲ್ಲಿ, ಸಿಲ್ಹೆಟ್ ಎಲ್ಲಿ!
ತಿದ್ದಲಿಲ್ಲ. ಮೊಸರಿದೆ, ಉಪ್ಪಿನಕಾಯಿಯಿದೆ,
ನಮ್ಮದೇ ಅಂದರೆ ಯಾರ ಗಂಟು ಹೋಯಿತು.

ಆಗ ಅದು ಬಂತು.
ಗೋಡೆಯ ಸಂದಿಯಿಂದ, ಏನೂ ಅವಸರವಿಲ್ಲದೆ,
ಹಪ್ಪಳದ ತಟ್ಟೆಯ ಪಕ್ಕ ನಿಂತು
ಎರಡೂ ಮೀಸೆ ಆಡಿಸಿತು,
ಬಾಕಿ ವಸೂಲಿಗೆ ಬಂದ ಶಾನುಭೋಗನ ಹಾಗೆ.

ನನ್ನ ಕೈ ನನ್ನನ್ನು ಕೇಳಲಿಲ್ಲ.
ಉಪ್ಪಿನಕಾಯಿಯ ಸ್ಟೀಲು ಬಟ್ಟಲನ್ನು ತಟ್ಟೆಗೆ ಸುರಿದು
ಅದರ ಮೇಲೆ ಬೋರಲು ಹಾಕಿತು.
ಮೊರೀನ್ ಮೊಮ್ಮಗನ ಮೊದಲ ಹಲ್ಲಿನ ಕತೆಯಲ್ಲಿದ್ದಳು.
ಬಟ್ಟಲೊಳಗೆ ಕಿರ್ ಕಿರ್,
ನನಗೊಬ್ಬಳಿಗೇ ಕೇಳುವಷ್ಟು.

ಕೂಗಬಹುದು.
ಆಚೆ ಮೇಜಿನವರು ಚಮಚ ಕೆಳಗಿಟ್ಟು ತಿರುಗುತ್ತಾರೆ,
ನೋಡುವುದು ಹುಳವನ್ನಲ್ಲ, ನನ್ನ ಬಣ್ಣವನ್ನು, ಮಾಣಿಯ ಬಣ್ಣವನ್ನು.
ತಲೆನೋವೆಂದು ಎದ್ದುಬಿಡಬಹುದು.
ಅಥವಾ ಸುಮ್ಮನೆ ಉಣ್ಣಬಹುದು.
ಉಂಡ ಮನೆಯ ಜಂತೆ ಎಣಿಸಬಾರದು,
ಸೋದರತ್ತೆ ಮಾತುಮಾತಿಗೂ ಅನ್ನುತ್ತಿದ್ದಳು.
ನಾನಿನ್ನೂ ಉಂಡಿರಲಿಲ್ಲ, ಅತ್ತೆ.
ಎಣಿಸಿದ್ದು ಜಂತೆಯೂ ಅಲ್ಲ.
ಕಾಲು. ಆರು.

ಕೈತೊಳೆಯುವ ನೆಪ ಮಾಡಿ ಎದ್ದೆ.
ಹಿಂದಿನ ಓಣಿಯಲ್ಲಿ ಎಣ್ಣೆಡಬ್ಬಗಳ ನಡುವೆ
ಒಬ್ಬ ಹುಡುಗ ಈರುಳ್ಳಿ ಹೆಚ್ಚುತ್ತಿದ್ದ,
ಏಪ್ರನ್ನಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು: ರುಹೇಲ್.
ನನ್ನ ಹರಕು ಹಿಂದಿಯಲ್ಲಿ ಮೆಲ್ಲಗೆ ಹೇಳಿದೆ,
ದೊಡ್ಡ ಉಪಕಾರ ಮಾಡುವವಳ ಗತ್ತಿನಲ್ಲಿ:
ಹೆದರಬೇಡ, ಯಾರಿಗೂ ಹೇಳುವುದಿಲ್ಲ.

ಅವನು ಚಾಕು ಕೆಳಗಿಟ್ಟ.
"ಹೇಳಿ" ಅಂದ.
"ಮಾಲೀಕರಿಗೆ ಗೊತ್ತು. ನಾವು ನಾಲ್ವರು
ಇದರ ಮೇಲಿನ ಕೋಣೆಯಲ್ಲೇ ಮಲಗುತ್ತೇವೆ,
ಕಿವಿಗೆ ಹತ್ತಿ ತುರುಕಿಕೊಂಡು.
ನಾನು ಹೇಳಿದರೆ ಕೆಲಸ ಹೋಗುತ್ತದೆ, ಹಿಂದೆಯೇ ವೀಸಾ.
ನೀವು ಹೇಳಿದರೆ ಹೋಗುವುದು ಒಂದು ಊಟ."
ಮುಚ್ಚಿಸಿಬಿಟ್ಟರೆ?
"ವಾರ ಮುಚ್ಚುತ್ತಾರೆ. ಔಷಧಿ ಹೊಡೆಯುತ್ತಾರೆ.
ಆ ವಾರ ನಾನು ನಿದ್ದೆ ಮಾಡುತ್ತೇನೆ."
ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೇ.

ವಾಪಸು ಬಂದಾಗ ಮೊರೀನ್ ಅನ್ನ ಮುಗಿಸಿದ್ದಳು,
ನನ್ನ ಪಾಲಿನ ದಾಲಿಗೂ ಕೈ ಹಾಕಿದ್ದಳು.
ದುಡ್ಡು ಕೊಟ್ಟೆ. ಮೇಲೆ ಐದು ಪೌಂಡು ಇಟ್ಟೆ,
ಯಾರ ಜೇಬಿಗೆ ಹೋಗುವುದೋ ಎಂದು ಮತ್ತೆ ತೆಗೆದೆ,
ಮತ್ತೆ ಇಟ್ಟೆ.
ಬಟ್ಟಲು ಮಾತ್ರ ಹಾಗೇ ಬಿಟ್ಟೆ, ಬೋರಲು.

ಬಸ್ಸಿನ ಮೇಲಟ್ಟದಲ್ಲಿ, ಮುಂದಿನ ಸೀಟಿನಲ್ಲಿ,
ಮೊರೀನ್ ಕೋಟಿನ ಗುಂಡಿ ಬಿಚ್ಚುತ್ತ ಅಂದಳು:
"ನನ್ನಪ್ಪನ ಮೀನಿನಂಗಡಿಯಲ್ಲಿ ಟೀ ಕಪ್ಪು ಕವುಚುತ್ತಿದ್ದೆವು.
ಸ್ಟೀಲಾದರೆ ಬಹಳ ಸದ್ದು."
ಕಂಡೂ ಉಂಡೆಯಾ ಅಂದೆ.
"ಹಸಿದಿದ್ದೆ."

ಫೋನಿನಲ್ಲಿ ಕೌನ್ಸಿಲ್ಲಿನ ನಮೂನೆ ತೆರೆದಿತ್ತು.
ಯಾವ ಅಂಗಡಿ, ಯಾವ ಹೊತ್ತು, ಎಷ್ಟು ಕಂಡಿರಿ.
ಒಂದು, ಎಂದು ಬರೆದೆ.
ಇನ್ನೇನಾದರೂ ಹೇಳುವುದಿದೆಯೇ?
ಮೇಲಿನ ಕೋಣೆಯಲ್ಲಿ ನಾಲ್ವರು, ಎಂದು ಬರೆದೆ.
ಅಳಿಸಿದೆ. ಹುಳಕ್ಕೆ ಔಷಧಿ ಹೊಡೆಯುವವರೇ
ಮಹಡಿ ಹತ್ತಿ ಕಾಗದಪತ್ರ ಕೇಳಿದರೆ?
ಗೋಡೆಯ ಸಂದಿ, ಎಂದಷ್ಟೇ ಬರೆದೆ,
ಕಿಟಕಿ ಪಕ್ಕದ ಎರಡನೇ ಮೇಜು.

ನಿಮ್ಮ ಹೆಸರು, ಇಷ್ಟವಿದ್ದರೆ ಮಾತ್ರ.
"ನನ್ನದು ಹಾಕು" ಅಂದಳು ಮೊರೀನ್, ಕಿಟಕಿಯಾಚೆ ನೋಡುತ್ತ,
"ಬೇಗ ಓದುತ್ತಾರೆ."
ಅವಳು ಹೇಳಿದ್ದು ನಿಜವೇ, ಅದಕ್ಕೇ ಸಿಟ್ಟು ಬಂತು.
ಗಿರಿಜವ್ವ ಹೊಳೆಬಸಪ್ಪ ಕಮ್ಮಾರ,
ಪೂರ್ತಿ ಬರೆದೆ, ಡಬ್ಬಿ ಸಾಲದೆ ಕೊನೆಯಕ್ಷರ ಹೊರಗುಳಿಯಿತು.
ಬೆರಳಿಗೆ ಉಪ್ಪಿನಕಾಯಿಯ ಎಣ್ಣೆ.
ಎರಡು ಸಲ ಒತ್ತಿದರೂ ಪರದೆ ಕೇಳಲಿಲ್ಲ.
ಸೀರೆಯಂಚು ಇಲ್ಲದ್ದಕ್ಕೆ ಪ್ಯಾಂಟಿಗೆ ಒರೆಸಿ
ಮೂರನೆಯ ಸಲ ಒತ್ತಿದೆ.